ತಂಪುಪೆಟ್ಟಿಗೆಯ ಮಾಪಕ

ನಸೀಮಾ ಕೇಳಿದಳು: "ಮಾಸ್ತರೇ, ನನ್ನ ಬಳಿ ಇಬ್ಬರು ಹೆಂಗಸರು ಬೆಸುಗೆ ಕೆಲಸ ಕಲಿಯುತ್ತಿದ್ದಾರೆ. ಇಬ್ಬರಿಗೂ ಒಂದೇ ಪಾಠ, ಒಂದೇ ಹೊತ್ತು, ಒಂದೇ ಮಾತು. ಆದರೂ ಒಬ್ಬಳು ಬೆದರುತ್ತಾಳೆ, ಇನ್ನೊಬ್ಬಳು ಬಾಡುತ್ತಾಳೆ. ಕೊಡುವಷ್ಟು ನನ್ನಲ್ಲಿ ಇಲ್ಲವೇ?"

ಅವಳಿಗೆ ಕೆಲಸ ಕಲಿಸಿದವರು ತೋಟಪ್ಪ ಮಾಸ್ತರರು. ಅವರು ಹೇಳಿದರು:

ಒಬ್ಬ ಯಂತ್ರಗಾರ್ತಿ ಇದ್ದಳು. ಲಸಿಕೆ ಒಯ್ಯುವ ತಂಪುಪೆಟ್ಟಿಗೆಯ ಮುಚ್ಚಳಕ್ಕೆ ಆಕೆ ಒಂದು ಪುಟ್ಟ ಮಾಪಕ ಮಾಡಿದಳು. ಒಳಗೆ ತಂಪು ಎಷ್ಟಿದೆ, ಪೆಟ್ಟಿಗೆ ಮುಚ್ಚಿ ಎಷ್ಟು ಹೊತ್ತಾಯಿತು ಎಂಬುದನ್ನು ಅದರ ಎಲ್‌ಸಿಡಿ ಪರದೆ ತೋರಿಸುತ್ತಿತ್ತು. ಒಳಗಿದ್ದದ್ದು ಒಂದು ಮೈಕ್ರೋಕಂಟ್ರೋಲರ್ ಚಿಪ್, ಬಿಲ್ಲೆಯಂಥ ಒಂದು ಸೆಲ್, ಅಷ್ಟೇ.

ಒಬ್ಬ ನರ್ಸ್ ಆ ಪೆಟ್ಟಿಗೆ ಹೊತ್ತು ಬೆಟ್ಟದ ಊರುಗಳಿಗೆ ನಡೆದಳು. ಮರಳಿ ಬಂದವಳು ಅದನ್ನು ಯಂತ್ರಗಾರ್ತಿಯ ಮೇಜಿನ ಮೇಲೆ ಕುಕ್ಕಿದಳು.

"ಮೂರನೆಯ ಊರಿನ ಹೊತ್ತಿಗೆ ಅಂಕಿಗಳು ಮಾಸಿಹೋದವು. ಗಡಿಯಾರ ನನ್ನ ವಾಚಿಗಿಂತ ಹಿಂದೆ ಬಿದ್ದಿತ್ತು. ಏನನ್ನು ನಂಬಿ ಸೂಜಿ ಚುಚ್ಚಲಿ? ನಲವತ್ತು ಮಕ್ಕಳು ಸಾಲಾಗಿ ಕೂತಿದ್ದರು. ಎಲ್ಲರನ್ನೂ ಮನೆಗೆ ಕಳಿಸಿದೆ."

ಮಾಪಕಗಳನ್ನು ಮಾರಲು ಒಪ್ಪಿದ್ದ ವ್ಯಾಪಾರಿ ಅಲ್ಲೇ ಇದ್ದ. "ದೊಡ್ಡ ಬ್ಯಾಟರಿ ಹಾಕಿದರೆ ಆಯಿತಲ್ಲ," ಎಂದ. ನರ್ಸ್ ತನ್ನ ಹೆಗಲು ತೋರಿಸಿದಳು. ಪೆಟ್ಟಿಗೆಯ ಪಟ್ಟಿ ಉಜ್ಜಿ ಚರ್ಮ ಕಿತ್ತುಬಂದಿತ್ತು. ದೊಡ್ಡ ಬ್ಯಾಟರಿಯ ಮಾತು ಅಲ್ಲಿಗೇ ನಿಂತಿತು.

ಯಂತ್ರಗಾರ್ತಿ ಅಳೆದು ನೋಡಿದಳು. ಮಂಜುಗಡ್ಡೆಯ ಪಕ್ಕದಲ್ಲಿ ಸೆಲ್ ಬಳಲುತ್ತಿತ್ತು. ಮೂರು ವೋಲ್ಟ್ ಇದ್ದದ್ದು ಎರಡೂಕಾಲಿಗೆ ಇಳಿಯುತ್ತಿತ್ತು. ಆಕೆ ಚಿಪ್ಪಿನ ಕೈಪಿಡಿಯನ್ನು ಮೊದಲ ಪುಟದಿಂದ ಓದಿದಳು. ಹಿಂದೆ ದಾಟಿಕೊಂಡು ಹೋಗಿದ್ದ ಒಂದು ಪುಟಕ್ಕೆ ಬಂದು ನಿಂತಳು.

ಗಡಿಯಾರದ ಮಿಡಿತ ಹುಟ್ಟಿಸುವ ಆಸಿಲೇಟರ್‌ಗೆ ಒಂದೂವರೆ ವೋಲ್ಟ್ ಸಾಕು, ಆದರೆ ಅದು ಕದಲಬಾರದು. ಪರದೆಗೆ ಮೂರು ವೋಲ್ಟ್ ಬೇಕೇ ಬೇಕು, ಕಡಿಮೆಯಾದರೆ ಅಂಕಿ ಮಸುಕು. ಎರಡಕ್ಕೂ ಬೇಕಾದ ವ್ಯವಸ್ಥೆ ಚಿಪ್ಪಿನೊಳಗೇ ಇತ್ತು. ಒಂದು ಭಾಗ ಸೆಲ್ಲಿನ ವೋಲ್ಟೇಜನ್ನು ಇಳಿಸಿ, ಒಂದೇ ಮಟ್ಟದಲ್ಲಿ ಹಿಡಿದು ಆಸಿಲೇಟರ್‌ಗೆ ಕೊಡಬಲ್ಲದು. ಇನ್ನೊಂದು ಭಾಗ, ಹೊರಗೆ ಬೆಸೆದ ಪುಟ್ಟ ಕೆಪಾಸಿಟರ್‌ಗಳಲ್ಲಿ ಅದನ್ನು ತುಂಬಿ, ಒಂದರ ಮೇಲೊಂದು ಪೇರಿಸಿ, ಎತ್ತರಿಸಿ ಪರದೆಗೆ ಕೊಡಬಲ್ಲದು. ಆಕೆ ಎರಡನ್ನೂ ಚಾಲೂ ಮಾಡಿರಲಿಲ್ಲ. ಸೆಲ್ಲನ್ನು ಎರಡಕ್ಕೂ ಒಂದೇ ತೆರನಾಗಿ ನೇರ ಜೋಡಿಸಿ, ಕೆಲಸ ಸರಳವಾಯಿತೆಂದು ಹಿಗ್ಗಿದ್ದಳು. ಹಿಂತಿರುಗಿ ಹೋದ ಮಕ್ಕಳನ್ನು ನೆನೆದು ಆಕೆಯ ಮುಖ ಬಿಸಿಯಾಯಿತು.

ಮೂರು ಕೆಪಾಸಿಟರ್ ಬೆಸೆದಳು. ಪ್ರೋಗ್ರಾಮಿನಲ್ಲಿ ಕೆಲವು ಸಾಲು ತಿದ್ದಿದಳು. ಹೊಸ ಸೆಲ್ ಹಾಕಲಿಲ್ಲ. ಅದೇ ಹಳೆಯ ಸೆಲ್ಲನ್ನು ಕೂರಿಸಿ, ಈ ಸಲ ನರ್ಸಿನ ಜೊತೆ ತಾನೂ ನಡೆದಳು.

ಮೂರನೆಯ ಊರಿನಲ್ಲಿ ಆ ನಲವತ್ತು ಮಕ್ಕಳಿಗೂ ಲಸಿಕೆ ಆಯಿತು. ನಾಲ್ಕನೆಯ ಊರೂ ದಾಟಿತು. ಐದನೆಯದು ಬೆಟ್ಟದ ನೆತ್ತಿ. ಅಷ್ಟು ದೂರ ಬಂದ ಲಸಿಕೆ ಕೆಟ್ಟಿಲ್ಲವೆಂದು ಎಂದೂ ಖಚಿತವಾಗಿರಲಿಲ್ಲ. ನರ್ಸ್ ಜಗಲಿಯ ಮೇಲೆ ಪೆಟ್ಟಿಗೆ ಇಳಿಸಿ ಬಗ್ಗಿ ನೋಡಿದಳು. ಅಂಕಿಗಳು ಕಾಡಿಗೆಯಷ್ಟು ಕಪ್ಪಗಿದ್ದವು. ತಂಪು ನಾಲ್ಕು ಡಿಗ್ರಿ. ಗಡಿಯಾರ ವಾಚಿನೊಂದಿಗೆ ನಿಮಿಷಕ್ಕೆ ನಿಮಿಷ ತಾಳೆಯಾಯಿತು.

"ಕರೆಯಿರಿ, ಎಲ್ಲರನ್ನೂ ಕರೆಯಿರಿ!" ಎಂದು ನರ್ಸ್ ಊರಿಗೆಲ್ಲ ಕೇಳುವಂತೆ ಕೂಗಿದಳು.

ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡಿಬಂದರು. ಮೊದಲ ಮಗು ಸೂಜಿಗೆ ಕಿಟಾರನೆ ಚೀರಿತು. ಅದನ್ನು ಕೇಳಿ ಯಂತ್ರಗಾರ್ತಿ ನಗತೊಡಗಿದಳು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಕೊನೆಯ ಮಗುವಿನವರೆಗೂ ಅಂಕಿ ಮಾಸಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ನಸೀಮಾಳ ಮುಖ ಅರಳಿತ್ತು.

"ಅಂದರೆ ಆ ಸೆಲ್ಲಿನಲ್ಲಿ ಅಷ್ಟು ಶಕ್ತಿ ಮೊದಲೇ ಇತ್ತು! ಮತ್ತೆ ಆಕೆಗೆ ಏಕೆ ಕಾಣಲಿಲ್ಲ?"

"ಸಮನಾಗಿ ಬಡಿಸುವವರು ಯಾರ ಹಸಿವನ್ನೂ ನೋಡಬೇಕಾಗಿಲ್ಲ, ನಸೀಮಾ."

ಮರುದಿನ ನಸೀಮಾ ಆ ಇಬ್ಬರು ಹೆಂಗಸರನ್ನೂ ಬೇರೆ ಬೇರೆ ಹೊತ್ತಿಗೆ ಕರೆದಳು.