ಉಪ್ಪು ಎಳೆದುಕೊಂಡ ಮುದುಕಿ

ಒಂದು ತೊಟ್ಟಿಯಲ್ಲಿ ನಡುವೆ ಉಪ್ಪು ದಾಟುವಂಥ ತೆಳುಗೋಡೆಯಿದ್ದ ಎರಡು ಕೋಣೆಗಳಿದ್ದವು. ಒಂದರಲ್ಲಿ ಚರಂಡಿಯ ಕೊಳೆ ತಿಂದು ದೀಪಕ್ಕೆ ಕರೆಂಟು ಕೊಡುವ ಮುದುಕಿ ಬ್ಯಾಕ್ಟೀರಿಯ, ಇನ್ನೊಂದರಲ್ಲಿ ಸಮುದ್ರದ ನೀರು.

“ಅಕ್ಕಾ, ಈ ಉಪ್ಪು ಹೊರಲಾರೆ. ನಿನ್ನ ಕಡೆ ಎಳೆದುಕೊಳ್ಳುತ್ತೀಯಾ?” ಎಂದಿತು ನೀರು.

“ನೆರೆಯವಳಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಕೊಡಮ್ಮ” ಎಂದ ಮುದುಕಿ, ಕರೆಂಟಿನ ಬಲದಿಂದ ಉಪ್ಪನ್ನೆಲ್ಲ ತನ್ನತ್ತ ಎಳೆದುಕೊಂಡಳು. ನೀರು ಸಿಹಿಯಾಯಿತು. ಇತ್ತ ಉಪ್ಪೇರಿ ಮುದುಕಿಯ ಮಕ್ಕಳು ಒಬ್ಬೊಬ್ಬರೇ ಸುರುಟಿ ಸತ್ತರು.

“ತಂಗೀ, ಗಂಟಲು ಒಣಗಿದೆ. ಒಂದು ಹನಿ ಕೊಡೇ” ಎಂದು ಮುದುಕಿ ಬೇಡಿದಳು.

“ದೂರ ನಿಲ್ಲು! ನಾನೀಗ ಕುಡಿಯುವ ನೀರು. ನಿನ್ನಂಥ ಕ್ರಿಮಿ ಮುಟ್ಟಿದರೆ ನನ್ನನ್ನು ಯಾರು ಕುಡಿದಾರು?” ಎನ್ನುತ್ತ ನೀರು ನಲ್ಲಿಯತ್ತ ಹರಿದುಹೋಯಿತು.

ಮುದುಕಿಯ ಉಸಿರು ನಿಂತಿತು, ದೀಪವೂ ಆರಿತು. ನೀರು ಹರಿದುಹೋಗಿ ಖಾಲಿಯಾದ ಪಕ್ಕದ ಕೋಣೆಗೆ ಹೊಸದಾಗಿ ಬಂದ ಸಮುದ್ರದ ನೀರು ಕತ್ತಲಲ್ಲಿ ಗೋಡೆ ತಟ್ಟಿತು: “ಅಕ್ಕಾ, ಈ ಉಪ್ಪು ಹೊರಲಾರೆ. ಅಕ್ಕಾ, ಇದ್ದೀಯಾ?”