ದೊಡ್ಡ ಡ್ರಿಲ್ಲಿಗೆ ಸಿಕ್ಕ ಹೊಗಳಿಕೆ

ಹಳೆ ಯಂತ್ರಗಳ ಅಂಗಡಿಯಲ್ಲಿ ಕೈಯಿಂದ ತಿರುಗಿಸುವ ಪುಟ್ಟ ಡ್ರಿಲ್ಲೊಂದಿತ್ತು. ಇನ್ನೂ ಮಾರಾಟವಾಗದಿದ್ದರೆ ಅದಕ್ಕೆ ಗುಜರಿಯೇ ಗತಿ. ಅಷ್ಟರಲ್ಲಿ ಬಸ್ ಕಂಡಕ್ಟರ್ ನೀಲವ್ವ ಬಂದಳು. ಬಿಡುವಿನಲ್ಲಿ ಮನೆಯಲ್ಲೇ ಬಾಗಿಲ ಚಿಲಕ ಮಾಡಿ ಮಾರುವ ಆಸೆ ಅವಳಿಗೆ. ಅವಳ ಕಣ್ಣು ಹೊಸ ಬಣ್ಣ ಬಳಿದ ದೊಡ್ಡ ಕರೆಂಟು ಡ್ರಿಲ್ಲಿನ ಮೇಲೆ ಬಿತ್ತು.

"ತಾಯಿ, ನಾನು ರೈಲು ಹಳಿಯನ್ನೇ ಕೊರೆಯಬಲ್ಲೆ!" ಎಂದಿತು ಅದು.

ಪುಟ್ಟ ಡ್ರಿಲ್ಲು ದೊಡ್ಡದರತ್ತ ತಿರುಗಿತು. ವಿನಯದಿಂದ, "ಅಣ್ಣಾ, ನಿಮ್ಮಂಥ ಬಲಶಾಲಿಗೆ ಬರೀ ಮಾತೇಕೆ? ಪೂರ್ತಿ ಬಲ ತೋರಿಸಿಬಿಡಿ" ಎಂದಿತು.

ದೊಡ್ಡದು ಉಬ್ಬಿ ಗುಡುಗಿತು. ಇಡೀ ಓಣಿಯ ಕರೆಂಟು ಹೋಯಿತು.

"ಅಯ್ಯಯ್ಯ! ನಮ್ಮನಿ ವೈರು ಇದನ್ನ ತಾಳೂದಿಲ್ಲ" ಎಂದ ನೀಲವ್ವ, ಪುಟ್ಟದರ ಹಿಡಿಕೆ ತಿರುಗಿಸಿದಳು. ಕಬ್ಬಿಣದ ಪಟ್ಟಿಗೆ ಚೊಕ್ಕ ತೂತು ಬಿತ್ತು. ಅವಳು ಅದನ್ನೇ ಕೊಂಡಳು.

"ನನ್ನನ್ನೇಕೆ ಹುರಿದುಂಬಿಸಿದೆ?" ದೊಡ್ಡದು ಗುರುಗುಟ್ಟಿತು.

"ನಿಮ್ಮ ಬಲ ಅವರ ಮನೆಗೆ ಹೆಚ್ಚಾಯಿತು ಎಂದು ನಾನು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ನೀವೇ ತೋರಿಸಿದರೆ ನಂಬುತ್ತಾರಲ್ಲ, ಅಣ್ಣಾ!"