ಮೊಟ್ಟೆಗೆ ಕೂತ ಮೊಲ

ತರಗೆಲೆ ಸರಿದರೂ ಎದ್ದುಬಿದ್ದು ಓಡುತ್ತಿದ್ದ ಮೊಲವೊಂದಕ್ಕೆ ತನ್ನ ಪುಕ್ಕಲುತನದ ಮೇಲೆ ತನಗೇ ಬೇಸರ ಬಂತು. ಕೆರೆಯಂಗಳದ ಬರಿ ನೆಲದ ಮೇಲೆ ಮೊಟ್ಟೆಯಿಟ್ಟಿದ್ದ ಟಿಟ್ಟಿಭ ಹಕ್ಕಿ, ಹತ್ತಿರ ಬಂದ ಎಮ್ಮೆಯನ್ನೇ ಕೂಗಿ ಅಟ್ಟಿದ್ದನ್ನು ಅದು ಕಂಡಿತ್ತು. ಅಲ್ಲಿಗೇ ಹೋಯಿತು.

"ಅಕ್ಕಾ, ನಿನ್ನ ಧೈರ್ಯದಲ್ಲಿ ನನಗೂ ಚೂರು ಕೊಡು."

"ಕೊಡೋಣ. ನೀರು ಕುಡಿದು ಬರುತ್ತೇನೆ. ಅಲ್ಲಿಯವರೆಗೆ ಈ ಮೊಟ್ಟೆಗಳ ಮೇಲೆ ಕೂತಿರು, ತಣ್ಣಗಾಗಬಾರದು," ಎಂದು ಹಕ್ಕಿ ಹಾರಿತು.

ಮೊಲ ಕೂತ ಸ್ವಲ್ಪ ಹೊತ್ತಿಗೆ ನರಿ ಬಂತು. ಮೊಲದ ಎದೆ ಡವಡವ ಹೊಡೆದುಕೊಂಡಿತು. ಆದರೆ ನೆಗೆದರೆ ಮೊಟ್ಟೆ ಒಡೆಯುತ್ತವೆ, ಓಡಿದರೆ ನರಿಯ ಪಾಲಾಗುತ್ತವೆ. ಅದು ಕಣ್ಣು ಮುಚ್ಚಿಕೊಂಡು ಕೂತೇ ಇತ್ತು.

"ಏಕೆ ಓಡುತ್ತಿಲ್ಲ?" ಎಂದಿತು ನರಿ.

ಮೊಲ ಮೊಟ್ಟೆಗಳನ್ನು ಇನ್ನಷ್ಟು ಅವುಚಿಕೊಂಡಿತು.

"ಓಡದ ಮೊಲವನ್ನು ನಮ್ಮ ಅಜ್ಜನೂ ಕಂಡಿಲ್ಲ. ಎಲ್ಲೋ ನಾಯಿ ಹೊಂಚು ಹಾಕಿರಬೇಕು," ಎಂದುಕೊಂಡು ನರಿ ಬಂದ ದಾರಿಯಲ್ಲೇ ಹಿಂದಿರುಗಿತು.

ಹಕ್ಕಿ ಮರಳಿದಾಗಲೂ ಮೊಲ ಗಡಗಡ ನಡುಗುತ್ತಿತ್ತು. "ನರಿ ಬಂದಿತ್ತು ಅಕ್ಕಾ. ಜೀವ ಬಾಯಿಗೆ ಬಂದಿತ್ತು. ಈಗಲಾದರೂ ಧೈರ್ಯ ಕೊಡು."

"ನನ್ನಲ್ಲಿರುವುದೂ ಇದೇ ನಡುಕ ತಮ್ಮಾ. ಎಮ್ಮೆ ಬಂದಾಗಲೂ ನಡುಗುತ್ತಲೇ ಕೂಗಿದೆ." ಹಕ್ಕಿ ಮೊಟ್ಟೆಗಳನ್ನು ಕೊಕ್ಕಿನಿಂದ ಮುಟ್ಟಿ ನೋಡಿತು. "ಒಂದೂ ತಣ್ಣಗಾಗಿಲ್ಲ. ನಡುಕ ಇವಕ್ಕೆ ತಿಳಿಯುವುದಿಲ್ಲ, ಕಾವು ಮಾತ್ರ ತಿಳಿಯುತ್ತದೆ."

ಅಷ್ಟರಲ್ಲಿ ಗಾಳಿಗೆ ತರಗೆಲೆಯೊಂದು ಸರಿಯಿತು. ಮೊಲ ಎದ್ದುಬಿದ್ದು ಓಡಿತು.

ಮರುದಿನ ಬಾಯಾರಿದಾಗ ಹಕ್ಕಿ ಕೂಗಿ ಕರೆದದ್ದು ಆ ಮೊಲವನ್ನೇ.